ಮೈಕೇನಿಯಾ ಬಳ್ಳಿ ಮತ್ತೆ ಮತ್ತೆ ಬರುತ್ತಿದೆಯೇ? ತೋಟದಿಂದ ತೆಗೆಯುವ ಕ್ರಮ, ಹಂತ ಹಂತವಾಗಿ

ಜೂನ್‌ನಲ್ಲಿ ಕಳೆ ಕೊಚ್ಚುವ ಯಂತ್ರ ಓಡಿಸಿ ತೋಟ ಚೊಕ್ಕ ಮಾಡಿರುತ್ತೀರಿ. ಆಗಸ್ಟ್ ಬರುವಷ್ಟರಲ್ಲಿ ಅದೇ ಜಾಗದಲ್ಲಿ ಮೈಕೇನಿಯಾ ಮೊದಲಿಗಿಂತ ದಟ್ಟವಾಗಿ ಹಬ್ಬಿರುತ್ತದೆ. ಕೊಡಗು, ದಕ್ಷಿಣ ಕನ್ನಡ, ಮಲೆನಾಡಿನ ಅಡಿಕೆ, ಕಾಫಿ, ರಬ್ಬರ್ ತೋಟದವರು ಹೇಳುವ ದೂರು ಇದೇ. ದುಡಿಮೆ ಕಡಿಮೆಯಾಗಿ ಹೀಗಾಗುತ್ತಿಲ್ಲ. ಕೂಲಿ ಕೊಟ್ಟು, ಪೆಟ್ರೋಲ್ ಸುಟ್ಟು ಮಾಡಿದ ಕೆಲಸವೇ ಬಳ್ಳಿಯನ್ನು ಹೆಚ್ಚಿಸುತ್ತಿದೆ. ಈ ಬಳ್ಳಿಯ ವಿಷಯದಲ್ಲಿ ಎಷ್ಟು ಕೆಲಸ ಮಾಡಿದೆವು ಅನ್ನುವುದಕ್ಕಿಂತ ಯಾವುದನ್ನು ಮೊದಲು ಮಾಡಿದೆವು ಅನ್ನುವುದೇ ಮುಖ್ಯ.

ಕಾರಣ ಅದರ ಗೆಣ್ಣಿನಲ್ಲಿದೆ. ಒಂದು ಬಳ್ಳಿಯನ್ನು ಎತ್ತಿ ನೋಡಿ. ಪ್ರತಿ ಗೆಣ್ಣಿನಲ್ಲೂ ಎದುರುಬದುರಾಗಿ ಎರಡು ಎಲೆ, ಎರಡೂ ಕಂಕುಳಲ್ಲಿ ಒಂದೊಂದು ಚಿಗುರಿನ ಕಣ್ಣು. ಆ ಗೆಣ್ಣು ಒದ್ದೆ ಮಣ್ಣಿಗೆ ತಾಗಿದ ಕೆಲವೇ ದಿನಗಳಲ್ಲಿ ಬಿಳಿ ಮೊಳಕೆಯಂಥ ಬೇರು ಹೊರಡುತ್ತದೆ. ಹಾಗಾಗಿ ಒಂದೇ ಒಂದು ಗೆಣ್ಣಿರುವ ತುಂಡೂ ಹೊಸ ಗಿಡವಾಗಬಲ್ಲದು. ಯಂತ್ರದ ಬ್ಲೇಡು ಒಂದು ಬಳ್ಳಿಯನ್ನು ಐವತ್ತು ತುಂಡು ಮಾಡಿ ಒದ್ದೆ ನೆಲದ ಮೇಲೆ ಚೆಲ್ಲಿದರೆ ನಾಟಿ ಮಾಡಿದ ಹಾಗೆಯೇ ಅಲ್ವಾ?

## ಮೊದಲು ಗುರುತು ಖಚಿತವಾಗಲಿ

ತೋಟದಲ್ಲಿ ಹೃದಯದ ಆಕಾರದ ಎಲೆಯ ಬಳ್ಳಿಗಳು ಬೇಕಾದಷ್ಟಿವೆ. ಅಮೃತಬಳ್ಳಿ, ಕಾಳುಮೆಣಸು, ವೀಳ್ಯದೆಲೆ, ಕಾಡುಗೆಣಸು ಎಲ್ಲವೂ ದೂರದಿಂದ ಒಂದೇ ಥರ ಕಾಣುತ್ತವೆ. ಆಳುಗಳಿಗೆ ಕೆಲಸ ಹೇಳುವ ಮೊದಲು ಒಂದು ತುಂಡು ಕೈಯಲ್ಲಿ ಹಿಡಿದು ತೋರಿಸಿ.

ಎಲೆ ಜೋಡಣೆಯೇ ಸುಲಭದ ಗುರುತು. ಮೈಕೇನಿಯಾದ ಎಲೆಗಳು ಜೋಡಿಯಾಗಿ ಎದುರುಬದುರು ಬರುತ್ತವೆ. ಮೆಣಸು, ವೀಳ್ಯ, ಅಮೃತಬಳ್ಳಿಯಲ್ಲಿ ಗೆಣ್ಣಿಗೆ ಒಂದೇ ಎಲೆ. ಕೆಲವು ಕಾಡುಗೆಣಸಿನಲ್ಲೂ ಎಲೆ ಜೋಡಿಯಾಗಿಯೇ ಇರುತ್ತದೆ. ಆದರೆ ಅದರ ಅಂಚು ನುಣುಪು, ನರಗಳು ಬುಡದಿಂದ ತುದಿಯವರೆಗೆ ಉದ್ದಕ್ಕೆ ಓಡುತ್ತವೆ. ಮೈಕೇನಿಯಾ ಎಲೆಯ ಅಂಚು ಮೊಂಡು ಹಲ್ಲಿನ ಹಾಗೆ ಏರಿಳಿದಿರುತ್ತದೆ. ಎಳೆಯ ಗೆಣ್ಣನ್ನು ಬೆಳಕಿಗೆ ಹಿಡಿದರೆ ಎರಡು ತೊಟ್ಟುಗಳ ನಡುವೆ ತೆಳ್ಳಗಿನ ಪೊರೆಯಂಥ ಕಿವಿ ಕಾಣುತ್ತದೆ. ಬಲಿತ ಮೇಲೆ ಅದು ಒಣಗಿ ಉದುರುತ್ತದೆ.

ಇದು ಸೂರ್ಯಕಾಂತಿಯ ಕುಟುಂಬದ ಬಳ್ಳಿ. ಹಿಡಿದುಕೊಳ್ಳಲು ನುಲಿಬಳ್ಳಿ ಇಲ್ಲ, ಮರಕ್ಕೆ ಅಂಟುವ ಬೇರೂ ಇಲ್ಲ. ಕಾಂಡವೇ ಸುತ್ತಿಕೊಂಡು ಮೇಲೇರುತ್ತದೆ. ಮಳೆಗಾಲ ಮುಗಿಯುತ್ತ ಬಂದಾಗ ಬೆಳ್ಳಗಿನ ಸಣ್ಣ ಹೂಗಳು ಗೊಂಚಲು ಗೊಂಚಲಾಗಿ ಮೇಲ್ಗಡೆ ಮುಚ್ಚಿಬಿಡುತ್ತವೆ. ಬೀಜ ಕಪ್ಪಗೆ, ಬಹಳ ಸಣ್ಣದು, ತಲೆಯಲ್ಲಿ ಬಿಳಿ ಕೂದಲಿನ ಕುಚ್ಚು. ಗಾಳಿ ಬಂದರೆ ಹಾರುತ್ತದೆ, ಬಟ್ಟೆಗೂ ದನದ ಮೈಗೂ ಅಂಟುತ್ತದೆ. ಕೇರಳದಿಂದ ಬಂದ ಕೆಲಸದವರಿಗೆ ‘ಧೃತರಾಷ್ಟ್ರ ಪಚ್ಚ’ ಅಂದರೆ ತಕ್ಷಣ ಗೊತ್ತಾಗುತ್ತದೆ.

## ಬೇಕಾಗುವ ಸಾಮಾನು

- ಹರಿತವಾದ ಕುಡುಗೋಲು ಅಥವಾ ಸಣ್ಣ ಕತ್ತಿ
- ಬುಡ ಸಡಿಲಿಸಲು ಚಿಕ್ಕ ಹಾರೆ ಅಥವಾ ಪಿಕಾಸಿ
- ಒಣಗಿದ ಬಳ್ಳಿ ಇಳಿಸಲು ದೋಟಿ
- ಕಿತ್ತದ್ದನ್ನು ಹೊರಲು ಗೋಣಿಚೀಲ ಅಥವಾ ಹಳೇ ಟಾರ್ಪಾಲು
- ಮುಚ್ಚಿಡಲು ದಪ್ಪನೆಯ ಕಪ್ಪು ಪ್ಲಾಸ್ಟಿಕ್ ಹಾಳೆ
- ಗಂಬೂಟು, ಗ್ಲೌಸ್, ತುಂಬು ತೋಳಿನ ಅಂಗಿ
- ಗುರುತಿಗೆ ಕಟ್ಟಲು ಬಣ್ಣದ ಬಟ್ಟೆ ಚೂರು

ಪಟ್ಟಿಯಲ್ಲಿ ಕಳೆ ಕೊಚ್ಚುವ ಯಂತ್ರ ಇಲ್ಲದ್ದು ಬೇಕೆಂದೇ. ಹುಲ್ಲಿಗೆ ಅದು ಸರಿ. ಮೈಕೇನಿಯಾ ಇರುವ ಜಾಗಕ್ಕೆ ಮಾತ್ರ ಬೇಡ. ಇನ್ನು ಗೋಣಿಚೀಲವನ್ನು ಜನ ಹಗುರವಾಗಿ ತಗೊಳ್ಳುತ್ತಾರೆ. ಚೀಲ ಕೈಗೆ ಸಿಗದಿದ್ದರೆ ಕಿತ್ತ ಬಳ್ಳಿ ಅಲ್ಲೇ ನೆಲಕ್ಕೆ ಬೀಳುತ್ತದೆ, ಮಾಡಿದ ಕೆಲಸವೂ ಅದರ ಜೊತೆಗೇ ಹೋಗುತ್ತದೆ. ಇಬ್ಬರು ಕೀಳುತ್ತಿದ್ದರೆ ಒಬ್ಬರು ಚೀಲ ಹಿಡಿದು ಹಿಂದೆಯೇ ಇರಲಿ.

## ಯಾವ ತಿಂಗಳಲ್ಲಿ ಏನು

ಹೂ ಬರುವ ಮೊದಲು ದೊಡ್ಡ ಕೆಲಸ ಮುಗಿದಿರಬೇಕು. ನಮ್ಮ ಕಡೆ ಸಾಮಾನ್ಯವಾಗಿ ಮಳೆ ಕಡಿಮೆಯಾಗುತ್ತಿದ್ದಂತೆ ಮೊಗ್ಗು ಕಾಣುತ್ತದೆ, ಚಳಿಗಾಲದಲ್ಲಿ ಬೀಜ ಹಾರುತ್ತದೆ. ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್ ಕೊನೆಯವರೆಗಿನ ಸಮಯ ನಿಮ್ಮದು.

ಮೊದಲ ಸುತ್ತು ಮುಂಗಾರು ಹಿಡಿದು ಮಣ್ಣು ಮೆತ್ತಗಾದ ಮೇಲೆ. ಆಗ ಬೇರು ಸಲೀಸಾಗಿ ಬರುತ್ತದೆ, ಬೀಜದಿಂದ ಎದ್ದ ಸಸಿಗಳೂ ಬೆರಳುದ್ದ ಇರುತ್ತವೆ. ಏಪ್ರಿಲ್‌ನಲ್ಲಿ ಗಟ್ಟಿ ನೆಲದಿಂದ ಎಳೆದರೆ ಬಳ್ಳಿ ತುಂಡಾಗುತ್ತದೆ, ಬುಡ ಒಳಗೇ ಉಳಿಯುತ್ತದೆ. ಜಡಿಮಳೆ ಸುರಿಯುತ್ತಿರುವಾಗಲೂ ಬೇಡ, ಕಿತ್ತದ್ದನ್ನು ಒಣಗಿಸಲು ಜಾಗ ಸಿಗುವುದಿಲ್ಲ. ಎರಡು ಮಳೆಯ ನಡುವಿನ ಹೊಳವು ನೋಡಿಕೊಳ್ಳಿ.

ಕಾಫಿ ತೋಟದವರಿಗೆ ಇನ್ನೊಂದು ಮಾತು. ಈ ಬಳ್ಳಿಗೆ ಬೆಳಕು ಬೇಕು. ದಟ್ಟ ನೆರಳಿನಲ್ಲಿ ಸೊರಗಿ ಕೂತಿರುತ್ತದೆ. ಮರಗಸಿ ಮಾಡಿ ನೆರಳು ತೆಗೆದ ತಕ್ಷಣ ಎದ್ದುಬಿಡುತ್ತದೆ. ಆ ವರ್ಷ ಮರಗಸಿ ಆದ ಬ್ಲಾಕಿನಲ್ಲಿಯೇ ಮೊದಲ ಸುತ್ತು ಇಟ್ಟುಕೊಳ್ಳಿ.

## ಹಂತ 1: ತೋಟ ಸುತ್ತಿ, ಗುರುತು ಕಟ್ಟಿ

ಕೆಲಸದವರು ಬರುವ ಹಿಂದಿನ ದಿನವೇ ತೋಟ ಒಂದು ಸುತ್ತು ಹಾಕಿ. ಬೇಲಿ ಸಾಲು, ರಸ್ತೆ ಬದಿ, ತೋಡಿನ ದಂಡೆ, ಮರ ಬಿದ್ದು ಬೆಳಕು ಬಿದ್ದ ಜಾಗ, ಹೊಸದಾಗಿ ಮಣ್ಣು ಸುರಿದ ಜಾಗ. ಮೊದಲು ಬರುವುದು ಇಲ್ಲೆಲ್ಲ. ಸೊಪ್ಪಿನ ಬೆಟ್ಟದಿಂದ ಸೊಪ್ಪು ತಂದು ಇಳಿಸುವ ಜಾಗವನ್ನು ಮರೆಯಬೇಡಿ. ಸೊಪ್ಪಿನ ಹೊರೆಯೊಳಗೆ ಬಳ್ಳಿಯ ತುಂಡುಗಳು ಸದ್ದಿಲ್ಲದೆ ಬರುತ್ತವೆ. ನರ್ಸರಿಯಿಂದ ತಂದ ಸಸಿಯ ಕೊಟ್ಟೆ, ಬೇರೆಡೆಯಿಂದ ಬಂದ ಜೆಸಿಬಿಯ ಬಕೆಟ್ಟಿಗೆ ಮೆತ್ತಿದ ಮಣ್ಣು ಕೂಡ ಹೀಗೇ.

ಬಳ್ಳಿ ಕಂಡಲ್ಲೆಲ್ಲ ಬಟ್ಟೆ ಚೂರು ಕಟ್ಟಿ. ಆಮೇಲೆ ಎಲ್ಲಿಂದ ಶುರು ಮಾಡಬೇಕು ಅನ್ನುವುದನ್ನು ತೀರ್ಮಾನಿಸಿ. ದೊಡ್ಡ ಮೆಳೆ ಕಣ್ಣಿಗೆ ಹೊಡೆಯುತ್ತದೆ, ಎಲ್ಲರೂ ಅಲ್ಲಿಗೇ ನುಗ್ಗುತ್ತಾರೆ. ಅದು ತಪ್ಪು. ತೋಟದ ಮಧ್ಯೆ ಚದುರಿರುವ ಸಣ್ಣ ಸಣ್ಣ ಗುಂಪುಗಳನ್ನು ಮೊದಲು ಮುಗಿಸಿ. ಅವನ್ನು ಬಿಟ್ಟರೆ ಮುಂದಿನ ವರ್ಷ ಪ್ರತಿಯೊಂದೂ ಒಂದೊಂದು ಮೆಳೆ. ಅದಾದ ಮೇಲೆ ದೊಡ್ಡ ಮೆಳೆಯ ಅಂಚಿನಿಂದ ಒಳಗೆ ಹೋಗಿ. ತೋಡು, ಹಳ್ಳ ಇದ್ದರೆ ಮೇಲಿನಿಂದ ಕೆಳಕ್ಕೆ ಬನ್ನಿ. ಕೆಳಗೆ ಶುರು ಮಾಡಿದರೆ ಮೇಲಿನ ತುಂಡುಗಳು ನೀರಲ್ಲಿ ತೇಲಿ ಬಂದು ಚೊಕ್ಕ ಮಾಡಿದ ದಂಡೆಗೇ ಸಿಕ್ಕಿಕೊಳ್ಳುತ್ತವೆ.

## ಹಂತ 2: ಮರಕ್ಕೆ ಏರಿದ ಬಳ್ಳಿಗೆ ಎರಡು ಕಡೆ ಕತ್ತರಿ

ನೆಲದ್ದಕ್ಕಿಂತ ಮೊದಲು ಮೇಲೇರಿದ್ದನ್ನು ನೋಡಬೇಕು. ಹೂ ಬಿಟ್ಟು ಬೀಜ ಹಾರಿಸುವುದು ಹೆಚ್ಚಾಗಿ ಬಿಸಿಲು ಸಿಕ್ಕ ಈ ಬಳ್ಳಿಗಳೇ.

ಮರದ ಸುತ್ತ ಮೊಣಕಾಲಿನ ಎತ್ತರಕ್ಕೆ ಒಮ್ಮೆ ಕತ್ತರಿಸಿ. ಎದೆಯೆತ್ತರಕ್ಕೆ ಇನ್ನೊಮ್ಮೆ ಕತ್ತರಿಸಿ. ನಡುವಿನ ತುಂಡನ್ನು ತೆಗೆದು ಚೀಲಕ್ಕೆ ಹಾಕಿ. ಈಗ ಮೇಲಿನ ಬಳ್ಳಿಗೂ ನೆಲಕ್ಕೂ ಸಂಬಂಧ ಇಲ್ಲ. ಒಂದೇ ಕಡೆ ಕತ್ತರಿಸಿದರೆ ಮೇಲಿನ ತುದಿ ಜೋತು ಬಿದ್ದು ನೆಲಕ್ಕೆ ತಾಗಿ ಮತ್ತೆ ಬೇರು ಬಿಡುತ್ತದೆ. ಕತ್ತರಿಸಿದ ಮೇಲೆ ಮರದ ಸುತ್ತ ಒಮ್ಮೆ ಬನ್ನಿ. ಹಿಂಭಾಗದಲ್ಲಿ ತೆಳ್ಳಗಿನ ಒಂದು ಎಳೆ ಉಳಿದಿದ್ದರೂ ಸಾಕು, ಅದರಿಂದಲೇ ಮೇಲಿನದೆಲ್ಲ ಬದುಕಿಕೊಳ್ಳುತ್ತದೆ.

ಮೇಲಿನದನ್ನು ಹಸಿಯಾಗಿ ಎಳೆಯಬೇಡಿ. ಕಾಫಿ ಗಿಡದ ರೆಕ್ಕೆ ಮುರಿಯುತ್ತದೆ, ಮೆಣಸಿನ ಬಳ್ಳಿ ಮರದಿಂದ ಕಿತ್ತು ಬರುತ್ತದೆ. ಮೇಲೆಯೇ ಬಿಡಿ. ಕೆಲವು ವಾರಗಳಲ್ಲಿ ಕಂದಾಗಿ ಒಣಗುತ್ತದೆ. ಆಗ ದೋಟಿಯಲ್ಲಿ ಮೆಲ್ಲಗೆ ಜಾಡಿಸಿದರೆ ಸಾಕು. ಮೊಗ್ಗು ಬಂದಾಗಿದ್ದರೆ ಮಾತ್ರ ಲೆಕ್ಕ ಬೇರೆ. ಆಗ ಗೊಂಚಲು ಎಟಕುವಷ್ಟನ್ನು ಕತ್ತರಿಸಿ ಚೀಲಕ್ಕೆ ಹಾಕಿ ಕೆಳಗಿಳಿಸಿ.

ಮೆಣಸಿನ ತೋಟದಲ್ಲಿ ಆಗುವ ಅತಿ ದುಬಾರಿ ತಪ್ಪು ಎಂದರೆ ಮೈಕೇನಿಯಾ ಎಂದು ಮೆಣಸಿನ ಬುಡವನ್ನೇ ಕತ್ತರಿಸುವುದು. ಎರಡೂ ಹೆಣೆದುಕೊಂಡಿದ್ದರೆ ಕತ್ತಿ ಇಡುವ ಮೊದಲು ಕೈಯಲ್ಲೇ ಬಳ್ಳಿ ಹಿಡಿದು ಎಲೆಯವರೆಗೆ ಹೋಗಿ. ಮೆಣಸಿನ ಕಾಂಡದ ಗೆಣ್ಣು ಉಬ್ಬಿರುತ್ತದೆ, ಬೇರುಗಳಿಂದ ಮರಕ್ಕೆ ಅಂಟಿಕೊಂಡಿರುತ್ತದೆ. ಮೈಕೇನಿಯಾ ಸಡಿಲವಾಗಿ ಸುತ್ತಿಕೊಂಡಿರುತ್ತದೆ, ಬೆರಳು ತೂರಿಸಬಹುದು. ಇಂಥ ಕಡೆ ಆಳುಗಳಿಗೆ ಬಿಡದೆ ನೀವೇ ನಿಲ್ಲುವುದು ಒಳ್ಳೆಯದು.

## ಹಂತ 3: ನೆಲದ ಬಳ್ಳಿ ಬುಡಸಮೇತ

ನೆಲದ ಮೇಲೆ ಹರಡಿದ್ದನ್ನು ತುದಿಯಿಂದ ಬುಡದ ಕಡೆಗೆ ಬಿಡಿಸುತ್ತ ಹೋಗಿ. ಬಳ್ಳಿಯನ್ನು ಎರಡು ಕೈಯಲ್ಲಿ ನೆಲಕ್ಕೆ ಹತ್ತಿರ ಹಿಡಿದು ನಿಧಾನವಾಗಿ ಎತ್ತಬೇಕು. ಗೆಣ್ಣು ಗೆಣ್ಣಿಗೂ ಬೇರು ಬಿಟ್ಟಿರುತ್ತದೆ, ಪಟಪಟ ಎಂದು ಒಂದೊಂದೇ ಬಿಡುತ್ತದೆ. ಜೋರಾಗಿ ಜಗ್ಗಿದರೆ ಮಧ್ಯೆ ತುಂಡಾಗುತ್ತದೆ. ತುಂಡಾದರೆ ಅಲ್ಲೇ ನಿಂತು ಉಳಿದ ಬೇರನ್ನು ಹುಡುಕಿ ತೆಗೆಯಿರಿ. ‘ಆಮೇಲೆ ನೋಡೋಣ’ ಅಂದರೆ ಆ ಜಾಗ ಮತ್ತೆ ಸಿಗುವುದಿಲ್ಲ.

ಬಳ್ಳಿ ಹಿಡಿದು ಹೋಗುತ್ತ ಕೊನೆಗೆ ದಪ್ಪನೆಯ, ಕಂದು ಬಣ್ಣದ, ಗಂಟು ಗಂಟಾದ ಬುಡ ಸಿಗುತ್ತದೆ. ತಾಯಿ ಗಿಡ ಅದು. ಸುತ್ತಲಿನ ಮಣ್ಣನ್ನು ಹಾರೆಯಿಂದ ಸಡಿಲಿಸಿ ಇಡಿಯಾಗಿ ಎತ್ತಿ. ಬೇರು ಬಹಳ ಆಳಕ್ಕೆ ಹೋಗುವುದಿಲ್ಲ, ಗುಂಡಿ ತೋಡುವ ಅಗತ್ಯ ಇಲ್ಲ. ಸುಮ್ನೆ ಇಡೀ ನೆಲ ಅಗೆದರೆ ಹೂತಿದ್ದ ಬೀಜ ಬೆಳಕಿಗೆ ಬಂದು ಮೊಳೆಯುತ್ತದೆ.

ಮೆಣಸಿನ ಬುಡದ ಸುತ್ತ ಹಾರೆ ಹಾಕಲೇಬೇಡಿ. ಮಳೆಗಾಲದಲ್ಲಿ ಬೇರಿಗೆ ಗಾಯವಾದರೆ ಸೊರಗು ರೋಗಕ್ಕೆ ದಾರಿಯಾಗುತ್ತದೆ. ಅಲ್ಲಿ ಕೈಯಲ್ಲೇ ಕೀಳಬೇಕು. ಕಾಫಿಯ ಬೇರುಗಳೂ ಮಣ್ಣಿನ ಮೇಲ್ಪದರದಲ್ಲೇ ಇರುವುದರಿಂದ ಅಲ್ಲೂ ಇದೇ ಎಚ್ಚರ ಬೇಕು.

## ಹಂತ 4: ಕಿತ್ತದ್ದನ್ನು ಸಾಯಿಸಿ

ಜನ ಜಾಸ್ತಿ ಸೋಲುವುದು ಈ ಹಂತದಲ್ಲಿ. ಕಿತ್ತ ಬಳ್ಳಿ ಸತ್ತಿಲ್ಲ. ಮಳೆಗಾಲದಲ್ಲಿ ಮರದ ಬುಡಕ್ಕೆ ರಾಶಿ ಹಾಕಿದರೆ ರಾಶಿಯ ಮೇಲ್ಗಡೆ ಬಾಡುತ್ತದೆ, ಅಡಿಯಲ್ಲಿರುವುದು ಬೇರು ಬಿಟ್ಟು ಹೊರಡುತ್ತದೆ.

ಬಿಸಿಲಿದ್ದರೆ ಬಂಡೆ ಅಥವಾ ಸಿಮೆಂಟ್ ಅಂಗಳದ ಮೇಲೆ ತೆಳ್ಳಗೆ ಹರಡಿ. ಮಡಚಿದರೆ ಪಟ್ಟನೆ ಮುರಿಯಬೇಕು, ಅಷ್ಟು ಒಣಗಲಿ. ಬಾಗಿದರೆ ಇನ್ನೂ ಜೀವ ಇದೆ ಎಂದು ಅರ್ಥ. ಬಿಸಿಲು ಸಿಗದಿದ್ದರೆ ಟಾರ್ಪಾಲಿನ ಮೇಲೆ ರಾಶಿ ಹಾಕಿ, ಕಪ್ಪು ಪ್ಲಾಸ್ಟಿಕ್‌ನಿಂದ ಗಾಳಿಯಾಡದಂತೆ ಮುಚ್ಚಿ, ಅಂಚಿಗೆ ಕಲ್ಲು ಹೇರಿ. ಒಳಗೆ ಬಿಸಿಯಾಗಿ, ಕೊಳೆತು ಕಪ್ಪಾಗುವವರೆಗೂ ತೆಗೆಯಬೇಡಿ. ಸ್ವಲ್ಪವೇ ಇದ್ದರೆ ನೆಲದಿಂದ ಎತ್ತರಕ್ಕೆ ಬಿದಿರಿನ ಅಟ್ಟಣಿಗೆ ಕಟ್ಟಿ ಅದರ ಮೇಲೆ ಹಾಕಬಹುದು.

ಪೂರ್ತಿ ಸತ್ತದ್ದನ್ನು ಗೊಬ್ಬರದ ಗುಂಡಿಗೆ ಧಾರಾಳವಾಗಿ ಹಾಕಿ. ಹೂವು, ಬೀಜ ಇದ್ದದ್ದನ್ನು ಮಾತ್ರ ಹಾಕಬೇಡಿ. ಅದನ್ನು ಬೇರೆ ಚೀಲದಲ್ಲಿ ಬಾಯಿ ಕಟ್ಟಿ ಕೊಳೆಸಿ, ಆಮೇಲೆ ಒಂದೇ ಕಡೆ ಆಳವಾಗಿ ಹೂತುಬಿಡಿ. ಹಸಿ ಬಳ್ಳಿಯನ್ನು ಕೊಟ್ಟಿಗೆಗೆ ಹಾಸಬೇಡಿ, ತೋಡಿಗೂ ಎಸೆಯಬೇಡಿ. ದನ ತಿನ್ನುತ್ತದಲ್ಲ ಎಂದು ಕೇಳುವವರಿದ್ದಾರೆ. ತಿನ್ನುತ್ತದೆ ನಿಜ. ಆದರೆ ಹಸುಗಳ ಲಿವರ್‌ಗೆ ತೊಂದರೆಯಾದ ವರದಿಗಳಿವೆ, ದಿನನಿತ್ಯದ ಮೇವು ಮಾಡಿಕೊಳ್ಳಬೇಡಿ.

## ಹಂತ 5: ನೆಲ ಬರಿದಾಗಿ ಬಿಡಬೇಡಿ

ಮೈಕೇನಿಯಾ ಬೀಜ ಮೊಳೆಯಲು ಬೆಳಕು ಬೇಕು. ಹಾಗಾಗಿ ಕಿತ್ತ ದಿನವೇ ಆ ಜಾಗವನ್ನು ಅಡಿಕೆ ಸೋಗೆ, ತೆಂಗಿನ ಗರಿ, ಒಣ ದರಗಿನಿಂದ ಮುಚ್ಚಿ. ನೆಲ ಕಾಣದಷ್ಟು ದಪ್ಪ ಇರಲಿ. ಅಡಿಕೆ ಸಾಲಿನ ಮಧ್ಯೆ ಬಾಳೆ, ಕೆಸು, ಅರಿಶಿನ ಇಟ್ಟರೆ ನೆರಳೂ ಆಗುತ್ತದೆ, ನಾಲ್ಕು ಕಾಸೂ ಬರುತ್ತದೆ. ಬೇಲಿ ಬದಿಯಲ್ಲಿ ಬೆಳಕು ಬಿದ್ದ ಜಾಗಕ್ಕೆ ಊರಿನ ಮರದ ಸಸಿ ಹಾಕಿ.

ಕಳೆ ತಡೆಯಲು ರಬ್ಬರ್ ತೋಟದ ಮುಕುನಾ ಬಳ್ಳಿ ತಂದು ಹಾಕಿ ಎಂದು ಯಾರಾದರೂ ಹೇಳಿದರೆ ಮೆಣಸು, ಕಾಫಿ ಇರುವವರು ಕೇಳಬೇಡಿ. ಅದೂ ಮರ ಏರುವ ಬಳ್ಳಿಯೇ.

## ಹಂತ 6: ಮರು ಸುತ್ತು

ಒಂದೇ ಸಲಕ್ಕೆ ಇದು ಹೋಗುವುದಿಲ್ಲ. ಮೊದಲ ಸುತ್ತು ಮುಗಿದು ಮೂರು ನಾಲ್ಕು ವಾರಕ್ಕೆ ಅದೇ ಗುರುತುಗಳ ಜಾಡು ಹಿಡಿದು ಮತ್ತೆ ಬನ್ನಿ. ತುಂಡಿನಿಂದ ಎದ್ದದ್ದು, ಬೀಜದಿಂದ ಎದ್ದದ್ದು ಎರಡೂ ಸಿಗುತ್ತವೆ. ಆಗಲೇ ಕೀಳುವುದು ಅರ್ಧ ದಿನದ ಕೆಲಸ, ಎರಡು ತಿಂಗಳು ಬಿಟ್ಟರೆ ವಾರದ ಕೆಲಸ. ಆಗಸ್ಟ್‌ನಲ್ಲಿ ಇನ್ನೊಮ್ಮೆ, ಮೊಗ್ಗು ಬರುವ ಮೊದಲು ಸೆಪ್ಟೆಂಬರ್ ಕೊನೆಗೆ ಮತ್ತೊಮ್ಮೆ ಬನ್ನಿ. ಕೂಲಿಗೆ ಇಟ್ಟ ಹಣವನ್ನೆಲ್ಲ ಮೊದಲ ಸುತ್ತಿಗೇ ಖರ್ಚು ಮಾಡಬೇಡಿ. ಅರ್ಧದಷ್ಟನ್ನಾದರೂ ಈ ಮರು ಸುತ್ತುಗಳಿಗೆ ಉಳಿಸಿ. ಹಣ ಕಡಿಮೆ ಇದ್ದರೆ ಜಾಗ ಕಡಿಮೆ ಮಾಡಿಕೊಳ್ಳಿ, ಸುತ್ತು ಕಡಿಮೆ ಮಾಡಬೇಡಿ.

## ಕಳೆನಾಶಕದ ಮಾತು

ಮನೆ ತೋಟಕ್ಕೆ, ಮೆಣಸು ಕಾಫಿ ಬೆರೆತ ತೋಟಕ್ಕೆ ಇದು ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಮೈಕೇನಿಯಾ ಇರುವುದೇ ಬೆಳೆಯ ಮೈಮೇಲೆ. ಒಂದಕ್ಕೆ ಹೊಡೆದರೆ ಇನ್ನೊಂದಕ್ಕೆ ತಾಗದೆ ಇರುವುದಿಲ್ಲ. 2,4-ಡಿ ಗಾಳಿಯಲ್ಲಿ ತೂರಿ ಬಂದರೂ ಅಗಲ ಎಲೆಯ ಬೆಳೆಗಳು ಮುರುಟುತ್ತವೆ. ಪ್ಯಾರಾಕ್ವಾಟ್ ಎಲೆ ಸುಡುತ್ತದೆ, ಬೇರು ಉಳಿದು ಮತ್ತೆ ಚಿಗುರುತ್ತದೆ. ಅದು ಹೊಟ್ಟೆಗೆ ಹೋದರೆ ನಿರ್ದಿಷ್ಟ ಪ್ರತಿವಿಷವೇ ಇಲ್ಲ. ಗ್ಲೈಫೊಸೇಟ್ ಬೇರಿಗೆ ಇಳಿಯುತ್ತದೆ ನಿಜ, ಆದರೆ 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಅದನ್ನು ಪೆಸ್ಟ್ ಕಂಟ್ರೋಲ್ ಆಪರೇಟರ್‌ಗಳ ಮೂಲಕ ಮಾತ್ರ ಬಳಸಬೇಕು ಎಂದು ಅಧಿಸೂಚನೆ ಹೊರಡಿಸಿದೆ. ಬೆಳೆಯೇ ಇಲ್ಲದ ದೊಡ್ಡ ಪಾಳು ಜಾಗವಿದ್ದರೆ ಕೃಷಿ ಇಲಾಖೆಯವರ ಅಥವಾ ಕೃಷಿ ವಿಜ್ಞಾನ ಕೇಂದ್ರದವರ ಸಲಹೆ ಕೇಳಿ. ತೋಡು, ಬಾವಿ, ಕೆರೆಯ ಹತ್ತಿರ ಯಾವುದೂ ಬೇಡ.

ಉಪ್ಪು, ಸೀಮೆಎಣ್ಣೆ ಸುರಿಯುವ ಮನೆಮದ್ದು ಮಣ್ಣನ್ನು ಕೆಡಿಸುತ್ತದೆ. ಬೆಂಕಿ ಹಾಕಿದರೆ ಮೇಲಿನದು ಸುಟ್ಟು ಬುಡ ಚಿಗುರುತ್ತದೆ, ಜೊತೆಗೆ ಬರಿ ನೆಲವೂ ಬೆಳಕೂ ಸಿಗುತ್ತದೆ.

ಇದನ್ನು ತಿನ್ನುವ ಹುಳವೋ ರೋಗವೋ ಇಲ್ಲವೇ ಎಂದು ಕೇಳುವವರಿಗೆ: ಬಳ್ಳಿಯ ತವರಾದ ಮಧ್ಯ ಮತ್ತು ದಕ್ಷಿಣ ಅಮೆರಿಕದ ಒಂದು ತುಕ್ಕು ರೋಗದ ಶಿಲೀಂಧ್ರವನ್ನು 2005ರಲ್ಲಿ ಅಸ್ಸಾಂನಲ್ಲಿ, 2006ರಲ್ಲಿ ಕೇರಳದಲ್ಲಿ ಬಿಡಲಾಗಿತ್ತು. ತೈವಾನ್, ಪಪುವಾ ನ್ಯೂಗಿನಿಯಲ್ಲಿ ಅದು ನೆಲೆ ನಿಂತಿತು. ನಮ್ಮಲ್ಲಿ ನಿಲ್ಲಲಿಲ್ಲ. ಸದ್ಯಕ್ಕೆ ನಮ್ಮ ಕೈಯೇ ದಾರಿ.

## ಕೆಲಸ ನಿಲ್ಲಿಸಬೇಕಾದ ಸೂಚನೆಗಳು

ಬಳ್ಳಿ ಕರೆಂಟ್ ಕಂಬಕ್ಕೋ ಸ್ಟೇ ತಂತಿಗೋ ಏರಿದ್ದರೆ ಮುಟ್ಟಬೇಡಿ, ದೋಟಿಯಿಂದಲೂ ಬೇಡ. ಒದ್ದೆ ಬಳ್ಳಿಯಲ್ಲಿ ಕರೆಂಟ್ ಹರಿಯುತ್ತದೆ. ಲೈನ್‌ಮ್ಯಾನ್‌ಗೆ ಹೇಳಿ ಲೈನ್ ಬಂದ್ ಮಾಡಿಸಿದ ಮೇಲೆಯೇ ಕೈ ಹಾಕಿ.

ದಟ್ಟ ಮೆಳೆಯ ಅಡಿಯಲ್ಲಿ ಕೊಳಕುಮಂಡಲ ಇರಬಹುದು, ಮೇಲೆ ಕಣಜದ ಗೂಡು ಇರಬಹುದು. ಕೋಲಿನಿಂದ ತಟ್ಟಿ ಸದ್ದು ಮಾಡಿ, ಸ್ವಲ್ಪ ಕಾದು ಕೈ ಹಾಕಿ. ಬಳ್ಳಿ ಹೊದ್ದ ಮರ ಒಣಗಿದೆಯೇ ಎಂದು ತಲೆಯೆತ್ತಿ ನೋಡಿ. ವರ್ಷಗಟ್ಟಲೆ ಬಿಸಿಲು ಸಿಗದ ಕೊಂಬೆ ಒಳಗೇ ಲಡ್ಡಾಗಿರುತ್ತದೆ, ಎಳೆದರೆ ತಲೆ ಮೇಲೆ ಬರುತ್ತದೆ.

ಬೇಲಿಯಾಚೆ ಕಾಡಿದ್ದು ಅಲ್ಲೂ ಬಳ್ಳಿ ಹಬ್ಬಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ, ನೀವಾಗಿಯೇ ಒಳಗೆ ಹೋಗಿ ಕಡಿಯಬೇಡಿ. ಪಕ್ಕದ ತೋಟದವರ ಹತ್ತಿರ ಜೂನ್‌ಗೆ ಮೊದಲೇ ಮಾತಾಡಿ. ಅವರ ಬೇಲಿ ಸಾಲಿನ ಬಳ್ಳಿಯನ್ನು ನಿಮ್ಮ ಆಳುಗಳೇ ಕಿತ್ತುಕೊಟ್ಟರೂ ನಿಮಗೆ ಲಾಭವೇ. ಗಾಳಿಗೆ ಬೀಜ ಹಾರಿ ಬರುವುದು ಅಲ್ಲಿಂದ.

## ಮುಗಿಯಿತು ಎನ್ನುವುದು ಯಾವಾಗ

ಜನವರಿಯಲ್ಲಿ ಒಮ್ಮೆ ಸುಮ್ಮನೆ ಓಡಾಡಿ, ಎಲ್ಲಾದರೂ ಬಿಳಿ ಗೊಂಚಲು ಉಳಿದಿದೆಯೇ ನೋಡಿ. ಕಂಡರೆ ಅಲ್ಲಾಡಿಸದೆ ಮೊದಲು ಚೀಲ ಹೊದಿಸಿ, ಆಮೇಲೆ ಕತ್ತರಿಸಿ. ಮುಂದಿನ ಮುಂಗಾರಿನಲ್ಲಿ ಅದೇ ಗುರುತುಗಳ ಬಳಿ ಎಷ್ಟು ಸಸಿ ಎದ್ದಿವೆ ಎಂದು ಗಮನಿಸಿ. ಹಿಂದಿನ ವರ್ಷಕ್ಕಿಂತ ಕಡಿಮೆ ಇದ್ದರೆ ಕ್ರಮ ಸರಿ ಇದೆ. ಜಾಸ್ತಿ ಇದ್ದರೆ ನಾಲ್ಕನೇ ಹಂತದಲ್ಲಿ ಎಲ್ಲೋ ಹಸಿ ತುಂಡು ಉಳಿದಿದೆ, ಇಲ್ಲವೇ ಹತ್ತಿರದಲ್ಲೇ ಎಲ್ಲೋ ಹೂ ಬಿಟ್ಟಿದೆ. ಎರಡು ಮಳೆಗಾಲ ಸಾಲಾಗಿ ಒಂದೂ ಸಸಿ ಕಾಣದ ಜಾಗದ ಬಟ್ಟೆ ಚೂರನ್ನು ಬಿಚ್ಚಬಹುದು. ಬೇಲಿ ಸಾಲಿನದು, ತೋಡಿನ ದಂಡೆಯದು ಮಾತ್ರ ಹಾಗೇ ಇರಲಿ.